ಅಳತೆಯೂ ತಾಳ್ಮೆಯೂ

ಗೇಣು, ಮೊಳ, ಮಾರು ಎಂದು ಮೈಯನ್ನೇ ಅಳತೆಗೋಲಾಗಿಸಿಕೊಂಡ ನುಡಿ ಕನ್ನಡ. ಇಂದು ಸೊಲ್ಲಾಪುರದ ತಾಲೀಮು, ಜಿಮ್‌ಗಳಲ್ಲಿ ಬೆವರು ಸುರಿಸುವ ತರುಣರಿಗೆ ಮೈಯ ಅಳತೆಯೇ ಬೇಕಾಗಿದೆ. ಆದರೆ ಹಲವರು ನೆಚ್ಚಿರುವುದು ತೂಕದ ಯಂತ್ರವನ್ನು. ಅದು ಸ್ನಾಯು, ಕೊಬ್ಬು, ನೀರುಗಳನ್ನು ಬೇರ್ಪಡಿಸಿ ಹೇಳದು. ಟೇಪು ಹೇಳೀತು: ತೋಳು, ಎದೆ, ತೊಡೆಗಳ ಸುತ್ತಳತೆ ಹೆಚ್ಚಿ ಸೊಂಟ ಇದ್ದಂತೆಯೇ ಇದ್ದರೆ ಬೆಳೆದದ್ದು ಬಹುಮಟ್ಟಿಗೆ ಸ್ನಾಯು, ಸೊಂಟವೂ ಹಿಗ್ಗಿದ್ದರೆ ಕೊಬ್ಬೂ ಕೂಡಿದೆ.

4 ವಾರಗಳಿಗೊಮ್ಮೆ, ಬೆಳಗಿನಲ್ಲಿ, ವ್ಯಾಯಾಮಕ್ಕೆ ಮೊದಲು, ಮೈಯ ಅದೇ ಜಾಗದಲ್ಲಿ ಅಳೆದರೆ ಸಾಕು. ಕಸರತ್ತಿನ ಬೆನ್ನಿಗೇ ಉಬ್ಬುವ ತೋಳು ರಕ್ತ ತುಂಬಿದ್ದರ ಫಲ, ಬೆಳವಣಿಗೆಯಲ್ಲ. ದಿನವೂ ಅಳೆದು ನಿರಾಶರಾದವರಲ್ಲಿ ಕೆಲವರು ಸ್ಟೆರಾಯ್ಡ್ ಚುಚ್ಚುಮದ್ದಿಗೆ ಮೊರೆಹೋಗುತ್ತಾರೆ. ಹೃದಯ, ಯಕೃತ್ತುಗಳು ಅದರ ಬೆಲೆ ತೆರುತ್ತವೆ. ನೂಲೆಳೆಯಷ್ಟು ಹೆಚ್ಚಿದ್ದನ್ನೂ ಬರೆದಿಟ್ಟು ಕಾಯಬಲ್ಲವನಿಗೆ ಆ ಹಾದಿ ಬೇಕಾಗದು.