ಹಣೆಬರಹವೋ, ಸಡಿಲ ಬೋಲ್ಟೋ?

ಜಾತ್ರೆಯ ತಿರುಗುವ ತೊಟ್ಟಿಲು ಮುರಿದುಬಿದ್ದರೆ, ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿದರೆ, ನಮ್ಮ ಜನ ಆಡುವ ಮಾತು ಮೂರೇ. ಒಂದು, ‘ಹಣೆಬರಹ, ಯಾರೇನು ಮಾಡಾಕ ಬರ್ತದ?’ ಎರಡು, ‘ಕೂಸಿನ ಕರಕೊಂಡು ಆಕಿ ಅಲ್ಲಿಗ್ಯಾಕ ಹೋಗಿದ್ಳು?’ ಮೂರು, ‘ಇವೆಲ್ಲ ಬಂದ್ ಮಾಡಸ್ರಿ.’ ಸೇಡಂ ಬಸ್ ನಿಲ್ದಾಣದಲ್ಲಿ ಕೇಳಿದರೂ ಇದೇ, ಚಿಂಚೋಳಿಯ ಚಹಾದಂಗಡಿಯಲ್ಲಿ ಕೇಳಿದರೂ ಇದೇ. ಓದಿದವರು ಇದನ್ನೇ ಸ್ವಲ್ಪ ಶುದ್ಧ ಕನ್ನಡದಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಈ ಮೂರು ಮಾತುಗಳಿಂದ ಲಾಭವಾಗುವುದು ಇಬ್ಬರಿಗೆ ಮಾತ್ರ: ಬೋಲ್ಟು ಬಿಗಿಯದೆ ಟಿಕೆಟು ಮಾರಿದವನಿಗೆ ಮತ್ತು ನೋಡದೆ ಪರವಾನಗಿಗೆ ಸಹಿ ಹಾಕಿದವನಿಗೆ.

ಮೊದಲು ಹಣೆಬರಹದ ಮಾತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಬಹುಮಾನ ವಿತರಣೆಯ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನಕ್ಕೆ ಬೆಂಕಿ ಬಿದ್ದು ನಾನೂರಕ್ಕೂ ಹೆಚ್ಚು ಜನ ಸತ್ತರು. 2024ರ ಮೇ 25ರಂದು ರಾಜ್‌ಕೋಟಿನ ಟಿಆರ್‌ಪಿ ಗೇಮ್ ಝೋನ್ ಎಂಬ ಆಟದ ತಾಣದಲ್ಲಿ 27 ಜನ ಸುಟ್ಟುಹೋದರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯೇ ಇರಲಿಲ್ಲ. ಇದು ಮನುಷ್ಯರೇ ತಂದ ಅನಾಹುತವೆಂದು ಗುಜರಾತ್ ಹೈಕೋರ್ಟು ಹೇಳಿತು. ಇಷ್ಟು ಮಕ್ಕಳ ಹಣೆಯಲ್ಲಿ ಬ್ರಹ್ಮ ಒಂದೇ ದಿನ, ಒಂದೇ ಹೊತ್ತು, ಒಂದೇ ಡೇರೆಯನ್ನು ಬರೆದಿದ್ದನೇ? ಬ್ರಹ್ಮನ ಮೇಲೆ ಇಂಥ ಆರೋಪ ಹೊರಿಸುವುದಕ್ಕಿಂತ, ಹೊರಬರಲು ಬಾಗಿಲು ಎಷ್ಟಿದ್ದವು ಎಂದು ಕೇಳುವುದು ಹೆಚ್ಚು ಭಕ್ತಿಯ ಕೆಲಸ.

ಎರಡನೆಯ ಮಾತು ಇನ್ನೂ ಕ್ರೂರ. ಮಗುವನ್ನು ತಂದೆ ಕರೆದೊಯ್ದಿದ್ದರೆ ‘ಪಾಪ’ ಎನ್ನುತ್ತೇವೆ. ತಾಯಿ ಕರೆದೊಯ್ದಿದ್ದರೆ ‘ಆಕಿಗೆ ಬುದ್ಧಿ ಬ್ಯಾಡೇನು?’ ಎನ್ನುತ್ತೇವೆ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರ ಮೇಲೆ ಹೋದಾಗಲೇ ಮುರಿದುಬಿದ್ದು 2 ಜನ ಸತ್ತರು, ಹಲವರು ಗಾಯಗೊಂಡರು. ಬಣ್ಣ ಬಳಿದ ಕಬ್ಬಿಣದ ಒಳಗಿನ ಬಿರುಕು ಟಿಕೆಟಿಗೆ ಸರದಿ ನಿಂತ ತಾಯಿಗೆ ಕಾಣುತ್ತದೆಯೇ? ಅದನ್ನು ನೋಡಲೆಂದೇ ಸಂಬಳ ಪಡೆಯುವವನು ನೋಡಬೇಕು.

ಇನ್ನು ಬಂದ್ ಮಾಡಿಸುವ ಮಾತು. ಹಣವಿದ್ದವರ ಮಕ್ಕಳಿಗೆ ಬೆಂಗಳೂರಿನ ವಂಡರ್‌ಲಾ ಇದೆ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿಯುವವನ ಮಗಳಿಗೆ ಇರುವುದು ವರ್ಷಕ್ಕೊಮ್ಮೆ ಬರುವ ಜಾತ್ರೆಯ ತೊಟ್ಟಿಲು ಒಂದೇ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲೋ ಚಿತ್ತಾಪುರದ ನಾಗಾವಿ ಯಲ್ಲಮ್ಮನ ಜಾತ್ರೆಯಲ್ಲೋ ಮೇಲಕ್ಕೇರಿ ಊರನ್ನೆಲ್ಲ ಒಮ್ಮೆ ನೋಡುವ ಆಸೆಯನ್ನು ಆ ಮಗುವಿನಿಂದ ಕಸಿದುಕೊಳ್ಳುವುದು ನ್ಯಾಯವಲ್ಲ. ಬಡವರ ಮಕ್ಕಳು ನಗಬೇಕು, ಸುರಕ್ಷಿತವಾಗಿಯೂ ಮನೆಗೆ ಬರಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಸುರಕ್ಷತೆ ಎಂದರೇನೆಂದು ನಮ್ಮ ಭಾಗಕ್ಕೆ ಗೊತ್ತಿಲ್ಲವೆಂದೇನಲ್ಲ. ವಾಡಿಯಲ್ಲಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ತಲೆಗೆ ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಯಂತ್ರ ನಿಲ್ಲಿಸದೆ ರಿಪೇರಿಗೆ ಕೈ ಹಾಕಬಾರದು ಎಂಬುದು ಅಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಗೊತ್ತು. ಅದೇ ಮನುಷ್ಯ ಸಂಜೆ ಜಾತ್ರೆಗೆ ಬಂದು, ಕೊಂಡಿಗೆ ಬದಲು ಹಗ್ಗ ಕಟ್ಟಿದ ತೊಟ್ಟಿಲಿನಲ್ಲಿ ಮಗುವನ್ನು ಕೂಡಿಸಿ ಕೆಳಗೆ ನಿಂತು ಕೈ ಬೀಸುತ್ತಾನೆ. ಊರಿಂದೂರಿಗೆ ಬಿಚ್ಚಿ, ಲಾರಿಯಲ್ಲಿ ಹೇರಿ, ಮತ್ತೆ ಜೋಡಿಸುವ ಯಂತ್ರವದು. ಪ್ರತಿ ಸಲ ಜೋಡಿಸಿದಾಗಲೂ ಅದು ಹೊಸ ಯಂತ್ರವೇ. ನಮ್ಮ ಎರೆಭೂಮಿಯಂತೂ ಒಂದು ಮಳೆ ಬಿದ್ದರೆ ಸಾಕು, ಕಾಲೂರಿದ್ದನ್ನು ಒಳಗೆ ಎಳೆದುಕೊಳ್ಳುತ್ತದೆ.

ಆದ್ದರಿಂದ ದುರಂತವಾದ ಮೇಲೆ ಕಲ್ಲು ತೂರುವ ಸಿಟ್ಟನ್ನು ತೊಟ್ಟಿಲು ತಿರುಗುವ ಮೊದಲೇ ಪ್ರಶ್ನೆಯಾಗಿ ಕೇಳಿ. ಜೋಡಿಸಿದ ಮೇಲೆ ಇದನ್ನು ಪರೀಕ್ಷಿಸಿದ ಎಂಜಿನಿಯರ್ ಯಾರು, ಯಾವ ತಾರೀಖಿಗೆ? ವಿದ್ಯುತ್ ಸಂಪರ್ಕ ನೋಡಿದವರು ಯಾರು? ಬೆಂಕಿ ಹತ್ತಿದರೆ ಹೊರಗೆ ಹೋಗುವ ದಾರಿ ಯಾವುದು? ಈ ಉತ್ತರಗಳನ್ನು ಕನ್ನಡದಲ್ಲಿ ಬರೆದು ಟಿಕೆಟಿನ ಕಿಂಡಿಯ ಪಕ್ಕ ಅಂಟಿಸಬೇಕೆಂದು ಜಾತ್ರಾ ಸಮಿತಿ, ಪಂಚಾಯಿತಿ, ಪುರಸಭೆಗಳು ಷರತ್ತು ಹಾಕಲಿ. ಕಾಗದವಿಲ್ಲದಿದ್ದರೆ ನೆಲಬಾಡಿಗೆಯ ಆಸೆಗೆ ಜಾಗ ಕೊಡಬಾರದು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ನಾವು ಮಾಸ್ತರರೂ ಅಕ್ಕೋರೂ ಇದನ್ನು ಕೇಳದೆ ಒಂದು ಮಗುವನ್ನೂ ಹತ್ತಿಸಬಾರದು.

ಹೀಗೆ ಕೇಳಿದರೆ ‘ಅಕ್ಕೋರ, ನಿಮಗ್ಯಾಕ ಬೇಕ್ರಿ ಈ ಉಸಾಬರಿ?’ ಎನ್ನುವವರು ಇದ್ದೇ ಇರುತ್ತಾರೆ. ರಾಜ್‌ಕೋಟಿನಲ್ಲಿ ಸತ್ತವರ ಕುಟುಂಬಗಳಿಗೆ ರಾಜ್ಯ ಸರ್ಕಾರ ತಲಾ 4 ಲಕ್ಷ ರೂಪಾಯಿ ಘೋಷಿಸಿತು. ಆ ಹಣ ಎಣಿಸಿಕೊಳ್ಳುವ ಕೈಗಳ ಸಂಕಟಕ್ಕಿಂತ, ಟಿಕೆಟಿನ ಕಿಂಡಿಯ ಮುಂದೆ ಎರಡು ನಿಮಿಷ ಜಗಳಗಂಟಿ ಎನಿಸಿಕೊಳ್ಳುವುದು ದೊಡ್ಡದೇನಲ್ಲ.