ರಾಗಿ ತಿಂದವ ನಿರೋಗಿ, ಸರಿ... ಎಷ್ಟು ತಿಂದವ?

ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ ಮಾರನೇ ದಿನವೇ ನಮ್ಮ ಮನೆಗಳಲ್ಲಿ ಒಂದು ಕ್ರಾಂತಿ ಆಗುತ್ತದೆ. ಅಕ್ಕಿ ಡಬ್ಬ ಹಿಂದಕ್ಕೆ, ರಾಗಿ ಡಬ್ಬ ಮುಂದಕ್ಕೆ. ಕಾಫಿಗೆ ಸಕ್ಕರೆ ಬದಲು ಬೆಲ್ಲ. ರಾತ್ರಿ ಅನ್ನದ ಬದಲು ನಾಲ್ಕು ಚಪಾತಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ನೋಡಿದರೆ ಇದ್ದಲ್ಲೇ ಇದೆ. ಆಗ ಬೈಗುಳವೆಲ್ಲ ಪಾಪ, ಮಾತ್ರೆಗೆ!

ನನ್ನ ಜಗಳ ರಾಗಿಯ ಜೊತೆ ಅಲ್ಲ ಮಾರಾಯ್ರೆ. ನಾರು, ಕ್ಯಾಲ್ಸಿಯಂ ಎರಡರಲ್ಲೂ ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ನನ್ನ ಜಗಳ "ರಾಗಿ ಅಲ್ವಾ, ಎಷ್ಟು ತಿಂದ್ರೂ ಪರವಾಗಿಲ್ಲ" ಅನ್ನುವ ಮಾತಿನ ಜೊತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕ ತೆಗೆದು ನೋಡಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ಇಷ್ಟೇ ವ್ಯತ್ಯಾಸ. ನೂರು ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ಇಳಿಸಿದರೆ 130 ಗ್ರಾಂ ದಾಟಿತು. ಇಡೀ ದಿನಕ್ಕೆ 130 ಗ್ರಾಂಗಿಂತ ಕಡಿಮೆ ತಿಂದರೆ ಅದನ್ನು 'ಲೋ ಕಾರ್ಬ್' ಅನ್ನುವುದು ರೂಢಿ. ಅಂದರೆ ದಿನದ ಲೆಕ್ಕ ಮಧ್ಯಾಹ್ನದ ಊಟಕ್ಕೇ ಮುಗಿಯಿತು. ಇನ್ನು ಬೆಲ್ಲದ ವಿಷಯ ಬಿಡಿ, ಅದು ಬಣ್ಣ ಬದಲಿಸಿದ ಸಕ್ಕರೆ.

ಇದು ಬರೀ ಲೆಕ್ಕದ ಮಾತಲ್ಲ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಬಂತು. ನಾವು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು 62 ಪಾಲು ಕಾರ್ಬೋಹೈಡ್ರೇಟಿನದೇ. ಬಿಳಿ ಅಕ್ಕಿ, ಮೈದಾ ಬಿಟ್ಟು ಗೋಧಿ ಹಿಟ್ಟಿಗೋ ಸಿರಿಧಾನ್ಯದ ಹಿಟ್ಟಿಗೋ ಬದಲಾಯಿಸಿ, ಒಟ್ಟು ಕಾರ್ಬೋಹೈಡ್ರೇಟ್ ಅಷ್ಟೇ ಇಟ್ಟರೆ ಡಯಾಬಿಟಿಸ್ ಅಪಾಯ ಕಡಿಮೆ ಕಾಣಲಿಲ್ಲ ಅಂತ ಅದರಲ್ಲೇ ಇದೆ. ಡಬ್ಬ ಬದಲಾಯಿಸಿದರೆ ಸಾಲದು, ಸೌಟು ಚಿಕ್ಕದಾಗಬೇಕು. ಆದರೆ "ಅನ್ನ ಬಿಡಿ, ಚಪಾತಿ ತಿನ್ನಿ" ಅಂತ ಅರ್ಧ ನಿಮಿಷದಲ್ಲಿ ಸಾಗಹಾಕುವವರಿಗೆ ಎಷ್ಟು ಅಂತ ಹೇಳಲು ಪುರುಸೊತ್ತಿಲ್ಲ.

ಹಾಗಾದರೆ ಏನು ತಿನ್ನೋದು? ಮುದ್ದೆಯನ್ನೇ ತಿನ್ನಿ, ನಿಂಬೆಹಣ್ಣಿನ ಗಾತ್ರದ್ದು! ಬಸ್ಸಾರು ಮಾಡಿದ ದಿನ ಸೊಪ್ಪಿನ ಪಲ್ಯ ಎಲೆ ತುದಿಯಲ್ಲಿ ಉಪ್ಪಿನಕಾಯಿಯಷ್ಟು ಬಡಿಸುವ ಬದಲು ಅರ್ಧ ಎಲೆ ತುಂಬಾ ಬಡಿಸಿಕೊಳ್ಳಿ. ಮೊಟ್ಟೆ, ಮೀನು ತಿನ್ನುವವರು ತಿನ್ನಿ, ಇಲ್ಲದವರಿಗೆ ಪನೀರು, ಮೊಸರು, ಕಡಲೆಕಾಯಿ ಇದೆ. ಕಾಳಿನಲ್ಲೂ ಕಾರ್ಬೋಹೈಡ್ರೇಟ್ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅನುಮಾನ ಇದ್ದರೆ ಮನೆಯ ಗ್ಲುಕೋಮೀಟರನ್ನೇ ಕೇಳಿ. ಊಟಕ್ಕೆ ಮುಂಚೆ ಒಂದು ಸಲ, ಎರಡು ಗಂಟೆ ಆದ ಮೇಲೆ ಒಂದು ಸಲ. ಅದಕ್ಕೆ ಯಾವ ಧಾನ್ಯದ ಮೇಲೂ ಅಭಿಮಾನ ಇಲ್ಲ :)

ಒಂದು ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಇದನ್ನು ಓದಿ ನಾಳೆಯಿಂದಲೇ ಅನ್ನ, ಮುದ್ದೆ ಕಡಿದರೆ ಸಕ್ಕರೆ ಪ್ರಮಾಣ ಥಟ್ಟನೆ ಕುಸಿದು ತಲೆ ತಿರುಗಿ ಬೀಳಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಿಗೆ ಕೀಟೋಅಸಿಡೋಸಿಸ್ ಅನ್ನುವ ಬೇರೆಯದೇ ಅಪಾಯ. ಮೊದಲು ಡಾಕ್ಟರ ಹತ್ತಿರ ಕೂತು ಡೋಸು ಸರಿಮಾಡಿಸಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಎಷ್ಟು ಅಂತಲೂ ಕೇಳಿಕೊಳ್ಳಿ.

ಇನ್ನು "ನಮ್ಮಜ್ಜ ಹೊತ್ತಿಗೆ ಮೂರು ಮುದ್ದೆ ತಿಂದು ತೊಂಬತ್ತು ವರ್ಷ ಬದುಕಿದ್ರು" ಅಂತ ಯಾರಾದರೂ ಕಾಮೆಂಟು ಹಾಕೇ ಹಾಕುತ್ತೀರಿ, ಗೊತ್ತು. ಸ್ವಾಮೀ, ನಿಮ್ಮಜ್ಜ ಆ ಮುದ್ದೆ ತಿಂದು ಎತ್ತಿನ ಹಿಂದೆ ಸಂಜೆ ತನಕ ಉಳುತ್ತಿದ್ದರು. ನೀವು ತಿಂದು ಬಂದು ಕೀಬೋರ್ಡಿನ ಮುಂದೆ ಕೂತಿದ್ದೀರಿ.