ಕಪ್ ಗೆದ್ದವರು ಹದಿನಾರು ಜನ, ಬಿರುದು ಕೆಲವರಿಗೇ ಏಕೆ?

1984 ಭಾರತದ ಕ್ರೀಡಾಲೋಕಕ್ಕೆ ಕೆಟ್ಟ ವರ್ಷ. ಜನವರಿಯಲ್ಲಿ ಪಂಜಾಬಿನ ರಸ್ತೆ ಅಪಘಾತದಲ್ಲಿ ಹಾಕಿ ಆಟಗಾರ ಸುರ್ಜಿತ್ ಸಿಂಗ್ ತೀರಿಕೊಂಡರು. ಆಗಸ್ಟ್‌ನಲ್ಲಿ ಮತ್ತೊಂದು ರಸ್ತೆ ಅಪಘಾತ ಪೈಲ್ವಾನ ಖಾಶಾಬಾ ಜಾಧವ ಅವರನ್ನು ಬಲಿ ತೆಗೆದುಕೊಂಡಿತು. ಸುರ್ಜಿತ್ 1975ರ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸಮಬಲದ ಗೋಲು ಹೊಡೆದವರು. ಜಾಧವ 1952ರ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು. ಸುರ್ಜಿತ್‌ಗೆ ಅರ್ಜುನ ಪ್ರಶಸ್ತಿ ಬಂದದ್ದು 1998ರಲ್ಲಿ, ಜಾಧವರಿಗೆ ಅದಕ್ಕೂ ಆಮೇಲೆ. ಇಬ್ಬರೂ ಅದನ್ನು ಕೈಯಲ್ಲಿ ಹಿಡಿಯಲಿಲ್ಲ.

ಕೊಲ್ಹಾಪುರ ಜಿಲ್ಲೆಯ ಆಜರಾ, ಗಡಹಿಂಗ್ಲಜದ ಜನರಿಗೆ ಜಾಧವರ ಕಥೆ ಯಾರೂ ಹೇಳಿಕೊಡಬೇಕಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿ ಈ ಶಿಷ್ಯನನ್ನು ಹೆಲ್ಸಿಂಕಿಗೆ ಕಳಿಸಿದರು. ಗುರು ಮನೆ ಒತ್ತೆಯಿಟ್ಟ, ಸರ್ಕಾರ ಮಾತ್ರ ಒಂದು ಪ್ರಶಸ್ತಿಗೆ ಅರ್ಧ ಶತಮಾನ ತೆಗೆದುಕೊಂಡಿತು. ನೆರೆಯ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಅವರಿಗೆ ಜೀವಮಾನದ ಅರ್ಜುನ ಸಿಕ್ಕಿದ್ದು 2025ರ ಜನವರಿಯಲ್ಲಿ.

ಒಂಟಿಯಾಗಿ ಗೆದ್ದವರ ಪಾಡೇ ಹೀಗಾದರೆ, ತಂಡವಾಗಿ ಗೆದ್ದವರ ಗತಿಯೇನು?

ಭಾರತದ ಪುರುಷರ ಹಾಕಿ ತಂಡ ವಿಶ್ವಕಪ್ ಎತ್ತಿದ್ದು ಒಂದೇ ಸಲ, 1975ರ ಮಾರ್ಚ್ 15ರಂದು, ಕ್ವಾಲಾಲಂಪುರದಲ್ಲಿ. ಅಜಿತ್‌ಪಾಲ್ ಸಿಂಗ್ ನಾಯಕ. ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್ ವಿಜಯದ ಗೋಲು ಹೊಡೆದರು. ಜನರ ನೆನಪಿನಲ್ಲಿ ಉಳಿದದ್ದು ಹೆಚ್ಚಾಗಿ ಈ ಎರಡು ಹೆಸರು. ಆದರೆ ಆ ಕಪ್ ಕೈತಪ್ಪಿ ಹೋಗುವುದರಲ್ಲಿತ್ತು, ಅದೂ ಸೆಮಿಫೈನಲ್‌ನಲ್ಲೇ. ಆತಿಥೇಯ ಮಲೇಷ್ಯಾ ಎರಡು ಬಾರಿ ಮುಂದಾಯಿತು. ಮೊದಲ ಸಲ ಸಮ ಮಾಡಿದವರು ಶಿವಾಜಿ ಪವಾರ್. ಎರಡನೇ ಸಲ ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಬೆಂಚಿನಲ್ಲಿ ಕೂತಿದ್ದ ಅಸ್ಲಂ ಶೇರ್ ಖಾನ್ ಅವರನ್ನು ಕಣಕ್ಕಿಳಿಸಲಾಯಿತು. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಸ್ಲಂ ಕೊರಳ ತಾಯತಕ್ಕೆ ಮುತ್ತಿಟ್ಟು ಹೊಡೆದರು. 2–2. ಹೆಚ್ಚುವರಿ ಅವಧಿಯಲ್ಲಿ ಹರ್‌ಚರಣ್ ಸಿಂಗ್ ಮೂರನೆಯದನ್ನು ಹೊಡೆದ ಮೇಲಷ್ಟೇ ಫೈನಲ್ ಬಾಗಿಲು ತೆರೆಯಿತು.

ಪವಾರ್ ಗೋಲು ಇಲ್ಲದಿದ್ದರೆ ಅಸ್ಲಂಗೆ ಅವಕಾಶವಿಲ್ಲ, ಅಸ್ಲಂ ಇಲ್ಲದಿದ್ದರೆ ಅಶೋಕ್‌ಗೆ ಫೈನಲ್ಲೇ ಇಲ್ಲ. ಹೀಗಿರುವಾಗ ಇವರಲ್ಲಿ ಯಾರು ಪ್ರಶಸ್ತಿಗೆ ಅರ್ಹರು, ಯಾರು ಅಲ್ಲ ಎಂದು ತೂಗುವ ತಕ್ಕಡಿ ಯಾವುದು?

ಅರ್ಜುನ ಪ್ರಶಸ್ತಿಗೆ ಸರ್ಕಾರದ ತಕ್ಕಡಿ ಹಿಂದಿನ ನಾಲ್ಕು ವರ್ಷಗಳ ಸಾಧನೆಯನ್ನು ನೋಡುತ್ತದೆ. ಓಟಗಾರ, ಶೂಟರ್‌ಗೆ ಅದು ಸರಿ. ಬೆಂಚಿನಿಂದೆದ್ದು ಬಂದು ವಿಶ್ವಕಪ್ ಉಳಿಸಿದವನಿಗೆ ಅನ್ಯಾಯ. 1975ರ ಹಾಫ್‌ಬ್ಯಾಕ್ ಸಾಲಿನಲ್ಲಿದ್ದ ವರೀಂದರ್ ಸಿಂಗ್ 1972ರ ಒಲಿಂಪಿಕ್ ಕಂಚನ್ನೂ ಗೆದ್ದಿದ್ದವರು. ಅವರ ಕೈಗೆ ಜೀವಮಾನ ಸಾಧನೆಯ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2007ರಲ್ಲಿ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ಸಿಲ್ವನಸ್ ಡುಂಗ್‌ಡುಂಗ್ ಅದೇ ಪ್ರಶಸ್ತಿಗೆ 2016ರವರೆಗೆ ಕಾದರು. 1975ರ ತಂಡದಲ್ಲಿ ಕೊಡಗಿನ ಇಬ್ಬರಿದ್ದರು. ಬಿ.ಪಿ. ಗೋವಿಂದ ಅವರಿಗೆ ಅದೇ ವರ್ಷದ ಅರ್ಜುನ ದಕ್ಕಿತು. ಪಿ.ಇ. ಕಾಳಯ್ಯ ಎಂಬ ಹೆಸರು ಇಂದು ಕನ್ನಡಿಗರಲ್ಲೇ ಎಷ್ಟು ಜನಕ್ಕೆ ಗೊತ್ತು?

ಎಲ್ಲರಿಗೂ ಕೊಟ್ಟರೆ ಪ್ರಶಸ್ತಿ ಅಗ್ಗವಾಗುತ್ತದೆ ಎನ್ನುವವರಿದ್ದಾರೆ. ಈ ವಾದವನ್ನು ಸರ್ಕಾರವೇ 2021ರಲ್ಲಿ ಬದಿಗಿಟ್ಟಿತು. ಟೋಕಿಯೊದಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿ ಶ್ರೀಜೇಶ್ ಮತ್ತು ಮನ್‌ಪ್ರೀತ್‌ಗೆ ಖೇಲ್‌ರತ್ನ ಕೊಟ್ಟು, ಅರ್ಜುನ ಸಿಗದಿದ್ದ ಉಳಿದವರಿಗೆಲ್ಲ ಒಂದೇ ಪಟ್ಟಿಯಲ್ಲಿ ಅರ್ಜುನ ಘೋಷಿಸಿತು. ಮಾಡಿದ್ದು ಒಳ್ಳೆಯ ಕೆಲಸವೇ, ಪ್ರಶಸ್ತಿಯ ಬೆಲೆಯೇನೂ ಕುಸಿಯಲಿಲ್ಲ. ಕಂಚಿಗೆ ಒಪ್ಪಿದ ನ್ಯಾಯವನ್ನು ವಿಶ್ವಕಪ್‌ಗೆ ಒಪ್ಪಲಾಗದು ಎನ್ನಲು ಯಾವ ಕಾರಣವೂ ಇಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ನಾಯಕನನ್ನೂ ಮೀಸಲು ಆಟಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ? ಬೇಡ. ತಂಡದ ಗೌರವ ಬೇರೆ, ವೈಯಕ್ತಿಕ ಗೌರವ ಬೇರೆ ಇರಲಿ. ಮೊದಲನೆಯದು ಹದಿನಾರೂ ಜನರ ಹಕ್ಕು. ಎರಡನೆಯದಕ್ಕೆ ಇಡೀ ಆಟದ ಬದುಕು ಅಳತೆಯಾಗಲಿ. ಹಾಗೆ ಅಳೆದರೂ ಅಜಿತ್‌ಪಾಲ್, ಅಶೋಕ್ ಜೊತೆಗೆ ಸುರ್ಜಿತ್ ಮತ್ತು ಗೋವಿಂದ ಇರಲೇಬೇಕು. ಗೋವಿಂದ 1972ರ ಒಲಿಂಪಿಕ್ ಕಂಚು, 1973ರ ವಿಶ್ವಕಪ್ ಬೆಳ್ಳಿ, 1975ರ ಕಪ್ ಮೂರನ್ನೂ ಕಂಡವರು.

ಗೌರವಿಸುವ ಮಾತು ಹಾಗಿರಲಿ, ಕೊಟ್ಟದ್ದನ್ನು ಕಾಪಾಡುವ ಎಚ್ಚರವೂ ನಮ್ಮಲ್ಲಿಲ್ಲ. ಆ ತಂಡದ ಮ್ಯಾನೇಜರ್ ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬಲಬೀರ್ ಸಿಂಗ್ ಸೀನಿಯರ್. ಬರಲಿದ್ದ ಕ್ರೀಡಾ ವಸ್ತುಸಂಗ್ರಹಾಲಯಕ್ಕೆಂದು 1985ರಲ್ಲಿ ಅವರು ತಮ್ಮ ಪದಕಗಳನ್ನೂ 1956ರ ಮೆಲ್ಬರ್ನ್ ಬ್ಲೇಜರನ್ನೂ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಪ್ಪಿಸಿದರು. ಅವು ಕಾಣೆಯಾದವು. ಹುಡುಕಿಸಿ ಹುಡುಕಿಸಿ ಬೇಸತ್ತು 2020ರಲ್ಲಿ ಅವರೂ ಹೋದರು.

1975ರ ಗೆಲುವಿಗೆ ಐವತ್ತು ವರ್ಷ ತುಂಬಿಯಾಯಿತು. ಆ ತಂಡದ ಸುರ್ಜಿತ್, ಮೈಕೆಲ್ ಕಿಂಡೊ, ವರೀಂದರ್ ಮೊದಲಾದವರು ಈಗಿಲ್ಲ. ಉಳಿದವರಿಂದ ಅರ್ಜಿ ಕೇಳದೆ, ಅವರ ದಾಖಲೆ ಪತ್ರ ತರಿಸದೆ, ಅರ್ಜುನ ಸಿಗದ ಪ್ರತಿಯೊಬ್ಬ ಆಟಗಾರನಿಗೂ ಮುಂದಿನ ಪಟ್ಟಿಯಲ್ಲೇ ಜೀವಮಾನದ ಅರ್ಜುನ ಘೋಷಿಸಬೇಕು. ಕೇಂದ್ರ ಕ್ರೀಡಾ ಸಚಿವಾಲಯ ಇದಕ್ಕೆ ಇನ್ನೊಂದು ಸಮಿತಿ ಮಾಡುವ ಅಗತ್ಯವಿಲ್ಲ. ಹದಿನಾರು ಹೆಸರಿನ ಪಟ್ಟಿ 1975ರಿಂದಲೇ ಸಿದ್ಧವಿದೆ.